ರಕ್ತನಿಧಿಯ ಅಕ್ಕ

ನಾನು ಅವರನ್ನು ಮೊದಲು ನೋಡಿದಾಗ ಅವರು ಕಿಟಕಿಯ ಪಕ್ಕ ನಿಂತು, ಹಳದಿ ದ್ರವ ತುಂಬಿದ ಒಂದು ಪ್ಲಾಸ್ಟಿಕ್ ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಒತ್ತುತ್ತಿದ್ದರು. ತಲೆಯ ಮೇಲೆ ಬೂದುಬಣ್ಣದ ದುಪಟ್ಟಾ, ಮೈಮೇಲೆ ಬಿಳಿ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ. ಅದು 1998ರ ಮಾರ್ಚ್. ಡೆಟ್ರಾಯಿಟ್ ಹೊರವಲಯದ ಒಂದು ಆಸ್ಪತ್ರೆಯ ರಕ್ತನಿಧಿಗೆ ನಾನು ಕೆಲಸಕ್ಕೆ ಸೇರಿದ ದಿನ. ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಓದಿ ಮದುವೆಯಾಗಿ ಬಂದಿದ್ದೆ. ಇಲ್ಲಿಯ ಪರೀಕ್ಷೆಯನ್ನು ಹೇಗೋ ಪಾಸು ಮಾಡಿಕೊಂಡಿದ್ದೆನೇ ಹೊರತು ಒಂದು ಚೀಲ ರಕ್ತವನ್ನು ಕೈಯಲ್ಲಿ ಹಿಡಿದವಳಲ್ಲ.

ನಾನು ಇಂಗ್ಲಿಷಿನಲ್ಲಿ ನನ್ನ ಹೆಸರು ಹೇಳಿದೆ. ಅವರು ಚೀಲದಿಂದ ಕಣ್ಣು ತೆಗೆಯದೆ ಕೇಳಿದರು: “ಯಾವೂರು ತಂಗಿ ನಿಂದು?”

ಆ ಊರಲ್ಲಿ, ಆ ಚಳಿಯಲ್ಲಿ, ಆ ವಾಸನೆಯ ಕೋಣೆಯಲ್ಲಿ ಕನ್ನಡ ಕೇಳಿ ಕೈಚೀಲವನ್ನು ಅಲ್ಲೇ ನೆಲಕ್ಕಿಟ್ಟುಬಿಟ್ಟೆ. “ಮೈಸೂರು, ಆಂಟಿ” ಎಂದೆ.

“ಆಂಟಿ ಗೀಂಟಿ ಬ್ಯಾಡ. ಮಂದಿ ಎಲ್ಲಾರೂ ಆಂಟಿ ಅಂದು ಅಂದು ಕಿವಿ ಕೆಟ್ಟಾವ. ಅಕ್ಕಾ ಅನ್ನು. ಬಾ ಇಲ್ಲೆ, ಇದರಾಗ ಏನ್ ಕಾಣತೈತಿ ಹೇಳು.”

ಅವರು ಒತ್ತಿದಾಗಲೆಲ್ಲ ಚೀಲದೊಳಗೆ ಸಣ್ಣ ಸಣ್ಣ ಬೆಳಕಿನ ಎಳೆಗಳು ಎದ್ದು, ಸುಳಿದು, ಮಾಯವಾಗುತ್ತಿದ್ದವು. “ಹೊಗೆ ಥರ ಏನೋ ಸುತ್ತುತ್ತಿದೆ ಅಕ್ಕ” ಎಂದೆ.

“ಹೊಗಿ ಅಲ್ಲವಾ. ಬಿಸಲಿಗೆ ಹಿಡದ ಇಳಕಲ್ ಸೀರಿ. ಇವು ಪ್ಲೇಟ್‌ಲೆಟ್. ಜೀವ ಇದ್ರ ಹಿಂಗ ಮಿಂಚತಾವ, ಇಲ್ಲಂದ್ರ ಬರೇ ಗೊಡ್ಡ ನೀರು.”

ಅವರು ಬಿಜಾಪುರದವರು. ಎಪ್ಪತ್ತರ ದಶಕದಲ್ಲೇ ಗಂಡನ ಜೊತೆ ಮಿಶಿಗನ್ನಿಗೆ ಬಂದು, ಇಲ್ಲಿಯೇ ಓದಿ, ಆ ರಕ್ತನಿಧಿಯ ಮೇಲ್ವಿಚಾರಕಿಯಾಗಿದ್ದರು. ಅವರು ತೀರಿಕೊಂಡು ಈಗ ವರ್ಷಗಳೇ ಆಗಿವೆ. ಹೆಸರು ಬರೆಯುವುದಿಲ್ಲ. ಬರೆದಿದ್ದರೆ ಬೈಯುತ್ತಿದ್ದರು.

ಮೊದಲ ವಾರ ಅವರು ನನ್ನನ್ನು ಯಾವ ಯಂತ್ರವನ್ನೂ ಮುಟ್ಟಗೊಡಲಿಲ್ಲ. ಫ್ರಿಜ್ಜಿನ ಎದುರು ನಿಲ್ಲಿಸಿ ಮಾತಾಡಿಸುತ್ತಿದ್ದರು. ಅಲ್ಲಿ ಕೆಂಪು ಕಣಗಳ ಚೀಲಗಳು ಸಾಲಾಗಿ ನಿಂತಿರುತ್ತಿದ್ದವು. “ಇವರು ಹಮಾಲರು. ಪುಪ್ಪುಸದಾಗಿನ ಉಸಿರು ಹೊತಗೊಂಡು ಹೆಬ್ಬಟ್ಟಿನ ತನಾ ಮುಟ್ಟಸತಾರ. ಥಂಡಿಯೊಳಗ ಇಟ್ರ ಆರು ವಾರ ತಡೀತಾರ. ಪಾಪ, ಗಟ್ಟಿ ಜೀವ.” ಪಕ್ಕದ ಫ್ರೀಜರಿನಲ್ಲಿ ಪ್ಲಾಸ್ಮಾ. ಕಲ್ಲಿನಂತೆ ಗಟ್ಟಿ. “ಇದು ಹೊಳಿ. ಹಮಾಲರು, ಗೌಂಡಿಗಳು ಎಲ್ಲಾ ಇದರಾಗ ತೇಲಕೋತ ಹೋಗಬೇಕು. ರಕ್ತ ಹೆಪ್ಪುಗಟ್ಟಸೂ ಸಾಮಾನೂ ಇದರಾಗ ಐತಿ.” ಗೌಂಡಿ ಅಂದರೆ ಅವರ ಕಡೆ ಗೋಡೆ ಕಟ್ಟುವವನು. ಆ ಹೆಸರನ್ನು ಅವರು ಪ್ಲೇಟ್‌ಲೆಟ್‌ಗೆ ಕೊಟ್ಟಿದ್ದರು. ರಕ್ತನಾಳ ಎಲ್ಲಿ ಒಡೆದರೂ ಮೊದಲು ಓಡಿಹೋಗಿ ಅಂಟಿಕೊಂಡು ಬಿರುಕು ಮುಚ್ಚುವವು ಅವೇ. ಆದರೆ ಬಲು ಸೂಕ್ಷ್ಮ. ಫ್ರಿಜ್ಜಿನಲ್ಲಿಟ್ಟರೆ ಕೆಡುತ್ತವೆ, ಬಿಸಿಯಾದರೆ ಕೆಡುತ್ತವೆ, ಸುಮ್ಮನೆ ಇಟ್ಟರೂ ಕೆಡುತ್ತವೆ. ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ, ಹಗಲೂ ರಾತ್ರಿ ಅತ್ತಿತ್ತ ತೂಗುವ ಯಂತ್ರದ ಮೇಲೆ ಮಲಗಿಸಬೇಕು. ಹಾಗೆ ಮಲಗಿಸಿದರೂ ಐದೇ ದಿನ.

“ಬಿಳಿ ಕಣಗಳು ಎಲ್ಲಿ ಅಕ್ಕ?” ಎಂದು ನಾನು ಕೇಳಿದೆ.

“ಅವನ್ನ ಸೋಸಿ ತಗದು ಕಳಸತಾರ. ಅವು ಕಾವಲುಗಾರರು. ತಮ್ಮ ಮನ್ಯಾಗ ಭಾಳ ಛಲೋ. ಮಂದಿ ಮನಿಗೆ ಹೋದ್ರ ಜಗಳಾ ತಗೀತಾವ, ಜ್ವರಾ ತರಸತಾವ.” ಫ್ರಿಜ್ಜಿನ ಬಾಗಿಲು ಮುಚ್ಚುತ್ತ ಹೇಳಿದರು: “ನಮ್ಮ ಅತ್ತಿ ಹಂಗ.”

ಚೀಲವನ್ನು ಯಾರಾದರೂ ಮೇಜಿನ ಮೇಲೆ ಧಪ್ಪೆಂದು ಇಟ್ಟರೆ ಅವರಿಗೆ ಸಿಟ್ಟು ಬರುತ್ತಿತ್ತು. ಹಾಗೆ ಇಟ್ಟವನು ಅಮೆರಿಕನ್ನನಾದರೂ ಅವರ ಬಾಯಿಂದ ಬರುತ್ತಿದ್ದುದು ಕನ್ನಡವೇ: “ಏ, ಮೆಣಸಿನಕಾಯಿ ಚೀಲ ಅಲ್ಲೋ ಅದು!” ಅವನಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯುತ್ತಿತ್ತು. ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು. ರಂಜಾನ್ ತಿಂಗಳಲ್ಲಿ ನಾನು ಸಂಕೋಚದಿಂದ ಡಬ್ಬಿ ತೆರೆಯದೆ ಕೂತರೆ ಎದುರಿಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. “ಉಪವಾಸ ನಂದು. ನೀ ಯಾಕ ಸೊರಗತಿ? ತಿನ್ನು.” ನಾನು ತಿಂದು ಮುಗಿಸುವವರೆಗೆ ಏಳುತ್ತಿರಲಿಲ್ಲ.

ಅವರ ಗಂಡನಿಗೆ ಸೌತ್‌ಫೀಲ್ಡಿನಲ್ಲಿ ಕನ್ನಡಕದ ಅಂಗಡಿ ಇತ್ತು. ಮಿತಮಾತಿನ ಮನುಷ್ಯ. ಸಂಜೆ ಅವರನ್ನು ಕರೆದೊಯ್ಯಲು ಬಂದರೆ ರಕ್ತನಿಧಿಯ ಬಾಗಿಲಿನಿಂದ ಹತ್ತು ಮಾರು ದೂರದಲ್ಲೇ ನಿಂತು ಗೋಡೆಯ ಕಡೆ ಮುಖ ಮಾಡಿಕೊಂಡಿರುತ್ತಿದ್ದರು. ಅದರ ಕಾರಣ ನನಗೆ ಬಹಳ ದಿನ ತಿಳಿದಿರಲಿಲ್ಲ.

2003ರ ಫೆಬ್ರವರಿಯಲ್ಲಿ ದಾವಣಗೆರೆ ಕಡೆಯ ಒಂದು ಕುಟುಂಬದ ಹುಡುಗಿ ನಮ್ಮ ಆಸ್ಪತ್ರೆಗೆ ಬಂದಳು. ಹೈಸ್ಕೂಲು ಓದುತ್ತಿದ್ದ ಹುಡುಗಿ. ರಕ್ತದ ಕ್ಯಾನ್ಸರು. ಔಷಧಿ ಕ್ಯಾನ್ಸರಿನ ಜೊತೆಗೆ ಅವಳ ಪ್ಲೇಟ್‌ಲೆಟ್‌ಗಳನ್ನೂ ಹೊಡೆದುಹಾಕುತ್ತಿತ್ತು. ನಾವು ಕಳಿಸಿದ ಚೀಲಗಳು ಮೊದಮೊದಲು ಅವಳಿಗೆ ಹಿಡಿಸಿದವು. ವಸಂತ ಬರುವ ಹೊತ್ತಿಗೆ ಅವಳ ಮೈ ಅವುಗಳನ್ನು ಪರಕೀಯವೆಂದು ಗುರುತಿಸಿ ಗಂಟೆಯೊಳಗೆ ನಾಶ ಮಾಡತೊಡಗಿತು. ಮೂಗು, ಒಸಡುಗಳಿಂದ ರಕ್ತ ಸೋರುವುದು ನಿಲ್ಲುತ್ತಿರಲಿಲ್ಲ. ಅವಳ ಜೀವಕಣಗಳ ಗುರುತಿಗೆ ಹತ್ತಿರವಿರುವ ದಾನಿಯೇ ಬೇಕಿತ್ತು. ಪಟ್ಟಿಯಲ್ಲಿದ್ದ ದಾನಿಗಳಲ್ಲಿ ನಮ್ಮ ಕಡೆಯವರು ತೀರ ಕಡಿಮೆ.

ಆಸ್ಪತ್ರೆಯ ಕೆಫೆಟೇರಿಯಾದಲ್ಲಿ ಅಕ್ಕ ಹುಡುಗಿಯ ತಂದೆತಾಯಿಯನ್ನು ಕೂರಿಸಿಕೊಂಡು ಇದನ್ನು ಹೇಳುವಾಗ ನಾನೂ ಪಕ್ಕದಲ್ಲಿದ್ದೆ.

“ನಂದೇ ತಗೊಳ್ಳಿ ಮೇಡಂ” ಎಂದರು ತಂದೆ. “ನಂದೂ ಅವಳದೂ ಒಂದೇ ಗ್ರೂಪು.”

“ಗ್ರೂಪು ಅಂದ್ರ ಕೆಂಪು ಕಣದ ಮಾತುರೀ. ಇಲ್ಲೆ ನೋಡೂ ಗುರುತ ಬ್ಯಾರೆ. ಮತ್ತ ನೀವಿಬ್ಬರೂ ಜನವರಿಯಾಗ ಊರಿಗೆ ಹೋಗಿ ಬಂದೀರಿ. ಮಲೇರಿಯಾ ಕಾಯಿದೆ ಐತಿ, ಒಂದು ವರ್ಷ ನಿಮ್ಮದು ತಗೋಳಂಗಿಲ್ಲ.”

ತಾಯಿ ಅಲ್ಲಿಯವರೆಗೆ ಸುಮ್ಮನಿದ್ದವರು, “ನನ್ನ ಹೊಟ್ಟೇಲಿ ಹುಟ್ಟಿದೋಳಿಗೆ ನನ್ನ ರಕ್ತ ಆಗಲ್ಲ ಅಂದ್ರೆ ಹೆಂಗ್ರೀ?” ಎಂದು ಅಳತೊಡಗಿದರು.

ಅಕ್ಕ ಅವರ ಕೈ ಹಿಡಿದುಕೊಂಡರು. “ನಿಮ್ಮದರ್ಧ, ಅವರದರ್ಧ ತಗೊಂಡು ಆಕಿ ತನ್ನದ ಒಂದು ಮಾಡ್ಕೊಂಡಾಳ್ರಿ. ಅದು ತಪ್ಪಲ್ಲ. ಹುಡುಕೂಣು. ಎಲ್ಲೋ ಒಬ್ಬರು ಇದ್ದೇ ಇರತಾರ.”

ಅಕ್ಕನಿಗೆ ಹುಡುಕುವುದೆಂದರೆ ಬರೀ ಫೋನು ಮಾಡುವುದಲ್ಲ. ದಾನಿಗಳ ನೋಂದಣಿ ಮಾಡುವ ಸಂಸ್ಥೆಯವರನ್ನು ಕಾಡಿ ಬೇಡಿ ಒಪ್ಪಿಸಿ, ಒಂದು ಹಬ್ಬದ ದಿನ ಚಿಕಾಗೋ ಹತ್ತಿರದ ಲೆಮಾಂಟಿನ ದೇವಸ್ಥಾನದಲ್ಲಿ ಮೇಜು ಹಾಕುವುದೆಂದು ಗೊತ್ತು ಮಾಡಿದರು. ಹುಡುಗಿಯ ತಂದೆ ಡ್ರೈವ್ ಮಾಡಿದರು. ಹಿಂದಿನ ಸೀಟಿನಲ್ಲಿ ಅಕ್ಕ ಮತ್ತು ನಾನು. ದೇವಸ್ಥಾನದವರು ಸಭಾಂಗಣದಲ್ಲಿ ಜಾಗ ಕೊಟ್ಟಿದ್ದರು. ಅಕ್ಕ ಅದನ್ನು ನೋಡಿ ಬೇಡವೆಂದು, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೇ ಮೇಜು ಹಾಕಿಸಿದರು. “ಚಪ್ಪಲಿ ಬಿಡಾಕ ಎಲ್ಲಾರೂ ನಿಂದರಬೇಕು. ನಿಂತಾಗ ಹಿಡೀಬೇಕು” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಜನ ರೇಷ್ಮೆ ಸೀರೆ ಎತ್ತಿಕೊಂಡು ಮೇಜನ್ನು ಬಳಸಿ ಹೋಗುತ್ತಿದ್ದರು. ಒಬ್ಬರಿಗೆ ಉಪವಾಸ, ಒಬ್ಬರಿಗೆ ಹಿಮೋಗ್ಲೋಬಿನ್ ಕಡಿಮೆ, ಒಬ್ಬರ ಹೆಂಡತಿಗೆ ಇಷ್ಟವಿಲ್ಲ. ಬೆಂಗಳೂರಿನ ಹಿರಿಯರೊಬ್ಬರು ಅಕ್ಕನ ದುಪಟ್ಟಾ ನೋಡಿ, ಮೇಜು ನೋಡಿ, “ದೇವಸ್ಥಾನದ ಬಾಗಿಲಲ್ಲಿ ರಕ್ತ ತೆಗೆಯೋದು ಸರೀನೇನಮ್ಮಾ?” ಎಂದು ಕೇಳಿದರು.

ಅಕ್ಕ ಎದ್ದು ನಿಂತು ನಮಸ್ಕಾರ ಮಾಡಿದರು. “ಇವತ್ತ ಬರೇ ಗುರುತ ನೋಡಾಕ ಒಂಚೂರು ತಗೋತೀವಿ ಅಂಕಲ್. ಅಲ್ಲೆ ನಿಂತಾರ ನೋಡ್ರಿ, ಅವರ ಮಗಳಿಗೆ ಹದಿನೈದು ವರ್ಷ. ಮೂಗಿನಾಗ ರಕ್ತ ನಿಂದರವಲ್ದು. ನಿಮ್ಮ ವಯಸ್ಸಿನವರದು ನಾವು ತಗೋಳೂದಿಲ್ಲ. ಆದ್ರ ನೀವು ಒಂದು ಮಾತು ಹೇಳಿದ್ರ ನಾಕ ಮಂದಿ ಕೇಳತಾರ.”

ಹಿರಿಯರು ಹುಡುಗಿಯ ತಂದೆಯನ್ನು ನೋಡಿದರು. ಆ ತಂದೆ ಪಾಪ, ಕರಪತ್ರ ಹಿಡಿದು ಯಾರಿಗೆ ಕೊಡಲೆಂದು ತಿಳಿಯದೆ ನಿಂತಿದ್ದರು. ಹಿರಿಯರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತಮ್ಮ ಇಬ್ಬರು ಮಕ್ಕಳು, ಅಳಿಯ, ಅಳಿಯನ ಸ್ನೇಹಿತರನ್ನು ಕರೆದುಕೊಂಡು ಬಂದು, ಅಂಗಿಯ ತೋಳು ಮಡಿಸಿರೆಂದು ಅಪ್ಪಣೆ ಮಾಡಿ, ಮಧ್ಯಾಹ್ನದ ಮಂಗಳಾರತಿಯವರೆಗೂ ನಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಹೋಗುವ ಬರುವವರನ್ನೆಲ್ಲ ಹೆಸರು ಹಿಡಿದು ಕೂಗಿದರು.

ಜುಲೈಯಲ್ಲಿ ಒಬ್ಬ ದಾನಿ ಹೊಂದಿಕೆಯಾದರು. ಯಾರೆಂದು ನಮಗೆ ಹೇಳುವುದಿಲ್ಲ. ಚಿಕಾಗೋ ಕಡೆಯವರೆಂದಷ್ಟೇ ಗೊತ್ತು. ಅವರ ಮೊದಲ ಚೀಲ ಹೋದ ದಿನ ಹುಡುಗಿಯ ಪ್ಲೇಟ್‌ಲೆಟ್ ಸಂಖ್ಯೆ ಏರಿ, ಮರುದಿನವೂ ಅಲ್ಲಿಯೇ ನಿಂತಿತು. ಫಲಿತಾಂಶ ನೋಡಿ ಅಕ್ಕ ಲ್ಯಾಬಿನ ಮಧ್ಯೆ ನನ್ನ ಬೆನ್ನಿಗೆ ಗುದ್ದಿದರು. ಆ ನೋವು ನನಗೆ ಎರಡು ದಿನ ಇತ್ತು.

ಎರಡನೆಯ ಚೀಲ ಚಿಕಾಗೋದಿಂದ ಆಗಸ್ಟ್ ತಿಂಗಳ ಒಂದು ಗುರುವಾರ ಬಂತು. ಹುಡುಗಿ ಐದು ಗಂಟೆಗೆ ಬರಬೇಕಿತ್ತು. ನಾಲ್ಕರ ಸುಮಾರಿಗೆ ಕರೆಂಟ್ ಹೋಯಿತು. ನಮ್ಮ ಕಟ್ಟಡದಲ್ಲಷ್ಟೇ ಅಲ್ಲ, ಡೆಟ್ರಾಯಿಟಿನಿಂದ ನ್ಯೂಯಾರ್ಕಿನವರೆಗೂ ಎಂದು ರೇಡಿಯೋ ಹೇಳಿತು. ಜನರೇಟರು ಶುರುವಾಗಿ ಫ್ರಿಜ್ಜು, ಫ್ರೀಜರು ಮತ್ತೆ ಗುನುಗಿದವು. ಆದರೆ ಕರೆಂಟ್ ಹೋಗಿ ಬಂದ ಹೊಡೆತಕ್ಕೆ ಪ್ಲೇಟ್‌ಲೆಟ್ ತೂಗುವ ಯಂತ್ರದ ಮೋಟರು ಸುಟ್ಟ ವಾಸನೆ ಬಿಟ್ಟು ನಿಂತುಬಿಟ್ಟಿತು. ಏಸಿಯೂ ಇಲ್ಲ. ಹೊರಗೆ ತೊಂಬತ್ತು ಡಿಗ್ರಿ. ಕೋಣೆಯ ಥರ್ಮಾಮೀಟರು ಕಣ್ಣೆದುರೇ ಏರುತ್ತಿತ್ತು.

“ಫ್ರಿಜ್ಜಲ್ಲಿ ಇಡಂಗಿಲ್ಲ, ಇಲ್ಲಿ ಇಡಂಗಿಲ್ಲ. ಏನ್ಮಾಡೋದಕ್ಕ?” ಎಂದೆ.

“ನೆಲಮಾಳಿಗಿ” ಎಂದರು. ಇದ್ದ ಪ್ಲೇಟ್‌ಲೆಟ್ ಚೀಲಗಳನ್ನೆಲ್ಲ ಎರಡು ಟ್ರೇಗಳಲ್ಲಿ ಹರಡಿ, ಮೇಲಿನ ಕೆಲಸವನ್ನು ಉಳಿದವರಿಗೆ ವಹಿಸಿ, ನಾವಿಬ್ಬರೂ ಮೆಟ್ಟಿಲಿಳಿದು ಹೋದೆವು. ಹಳೆಯ ಸಾಮಾನಿನ ಕೋಣೆಯ ಮುಂದಿನ ಕಾರಿಡಾರು ತಣ್ಣಗಿತ್ತು. ಥರ್ಮಾಮೀಟರು ಇಟ್ಟು ನೋಡಿ ಸಮಾಧಾನ ಮಾಡಿಕೊಂಡು, ಎದುರುಬದುರು ಕುರ್ಚಿ ಹಾಕಿ, ಟ್ರೇಗಳನ್ನು ತೊಡೆಯ ಮೇಲಿಟ್ಟುಕೊಂಡು ಕೈಯಿಂದಲೇ ತೂಗತೊಡಗಿದೆವು.

“ಸ್ವಲ್ಪ ಹೊತ್ತು ತೂಗದಿದ್ದರೂ ತಡೆಯುತ್ತವೆ ಅಂತ ಓದಿದ ಹಾಗಿದೆ” ಎಂದೆ.

“ತಡೀತಾವ. ಆದ್ರ ಇಂಥಾದ್ದು ಒಂದ ಚೀಲ ಐತಿ. ಇದರ ಜೋಡಿ ಜೂಜಾಟ ಬ್ಯಾಡ.”

ಐದಾಯಿತು, ಆರಾಯಿತು. ಹುಡುಗಿ ಬರಲಿಲ್ಲ. ಫೋನುಗಳು ಸತ್ತಿದ್ದವು. ರಸ್ತೆಯ ಸಿಗ್ನಲ್‌ಗಳೆಲ್ಲ ಆರಿ, ಎಕ್ಸಿಟ್‌ಗಳಲ್ಲಿ ಕಾರುಗಳು ಮೈಲಿಗಟ್ಟಲೆ ನಿಂತಿವೆ ಎಂದು ಕೆಳಗೆ ಬಂದ ಕಾವಲಿನವನು ಹೇಳಿದ. ನನ್ನ ತೋಳು ಮರಗಟ್ಟಿತ್ತು. ಅಕ್ಕನಿಗೆ ನನ್ನ ಮುಖ ನೋಡಿ ಏನನ್ನಿಸಿತೋ, ತೂಗುತ್ತಲೇ ತಮ್ಮ ಮದುವೆಯ ಕಥೆ ತೆಗೆದರು.

ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ಒಂದು ರಕ್ತದಾನ ಶಿಬಿರದಲ್ಲಿ ಅವರು ನಿಂಬೆ ಶರಬತ್ತು ಹಂಚುತ್ತಿದ್ದರಂತೆ. ಸ್ನೇಹಿತರ ಒತ್ತಾಯಕ್ಕೆ ಬಂದ ಎತ್ತರದ ಹುಡುಗನೊಬ್ಬ, ಸೂಜಿ ಚುಚ್ಚುವುದಿರಲಿ, ಪಕ್ಕದ ಮಂಚದವನ ಚೀಲ ನೋಡಿಯೇ ಕವುಚಿ ಬಿದ್ದನಂತೆ. “ನಾ ಮಾರಿಗೆ ಶರಬತ್ತನ ಉಗ್ಗಿದೆ, ನೀರು ಸಿಗಲಿಲ್ಲ. ಕಣ್ಣ ತಗದ. ಮಾರಿ ತುಂಬ ಸಕ್ರಿ. ‘ನೀವು ದಿನಾ ಬರತೀರೇನ್ರಿ ಇಲ್ಲೆ?’ ಅಂದ. ಇವತ್ತಿಗೂ ನನ್ನ ಕೋಟಿನ ಮ್ಯಾಲ ಒಂದು ರಕ್ತದ ಕಲಿ ಕಂಡ್ರ ಕಾರಿನ್ಯಾಗ ಹತ್ತಸಗೊಳ್ಳೂದಿಲ್ಲ.”

ನಾನು ನಕ್ಕ ನಗೆಗೆ ಟ್ರೇ ಅಲುಗಿತು. “ಮೆಲ್ಲಕ” ಎಂದರು. ಅವರೂ ನಗುತ್ತಿದ್ದರು.

ಎಂಟರ ಹತ್ತಿರ, ಇನ್ನೂ ಬೆಳಕಿರುವಾಗಲೇ, ತಂದೆ ಮಗಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರೆಂದು ಕೇಳಿ, ಅವಳ ಚೀಲ ಹಿಡಿದು ನಾವು ಮೇಲೆ ಹೋದೆವು. ಹುಡುಗಿಯ ಮೂಗಿಗೆ ಒತ್ತಿ ಹಿಡಿದ ಟವೆಲ್ಲು ಕೆಂಪಾಗಿತ್ತು. ತಂದೆಯ ಅಂಗಿಯೂ. “ಮೂರು ಗಂಟೆ ರಸ್ತೇಲೇ ಆಯ್ತು ಮೇಡಂ, ಕರೆಂಟಿಲ್ಲ, ಅದು ಕೆಟ್ಟೋಗಿರುತ್ತೆ ಅಂತ...” ಎಂದವರು ಗೋಡೆ ಹಿಡಿದುಕೊಂಡರು.

ಅಕ್ಕ ಚೀಲವನ್ನು ಕಿಟಕಿಯ ಇಳಿಬಿಸಿಲಿಗೆ ಹಿಡಿದು ಹುಡುಗಿಗೆ ಕಾಣುವಂತೆ ಒತ್ತಿದರು. ಬೆಳಕಿನ ಎಳೆಗಳು ಎದ್ದು ಸುಳಿದವು. “ನೋಡು ಕೂಸ, ನಿನ್ನ ಸಲುವಾಗಿ ಎಚ್ಚರ ಅದಾವ.”

“ದೇ ಆರ್ ಪ್ರಿಟಿ, ಆಂಟಿ” ಎಂದಳು ಹುಡುಗಿ, ಟವೆಲ್ಲಿನ ಹಿಂದಿನಿಂದ.

ಚೀಲ ಖಾಲಿಯಾಗುವಷ್ಟರಲ್ಲಿ ರಕ್ತ ನಿಂತಿತು. ಚಿಕಿತ್ಸೆ ಇನ್ನೂ ಎರಡು ವರ್ಷ ನಡೆಯಿತು. ಚಿಕಾಗೋದ ಆ ದಾನಿ ಕರೆದಾಗಲೆಲ್ಲ ಕೊಟ್ಟರು. ಹುಡುಗಿ ಬದುಕಿದಳು, ಆನ್ ಆರ್ಬರಿನಲ್ಲಿ ಕಾಲೇಜು ಸೇರಿದಳು. ಸೇರಿದ ದಿನ ಆಸ್ಪತ್ರೆಗೆ ಬಂದು ಅಕ್ಕನನ್ನು ತಬ್ಬಿಕೊಂಡಾಗ ಅಕ್ಕ ಅವಳ ಕೆಳಗಿನ ರೆಪ್ಪೆ ಎಳೆದು ಬಣ್ಣ ನೋಡಿ, “ಬಸಳಿ ಸೊಪ್ಪು ತಿನ್ನು” ಎಂದಷ್ಟೇ ಹೇಳಿ ಒಳಗೆ ಹೋದರು. ಒಳಗೆ ಹೋಗಿ ಬಹಳ ಹೊತ್ತು ಕೈ ತೊಳೆದರು.

2007ರಲ್ಲಿ ಅವರು ನಿವೃತ್ತರಾದರು. ಅವರ ಕುರ್ಚಿ ನನಗೆ ಬಂತು. ಮರುವರ್ಷ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ ಎಂದು ಪರೀಕ್ಷೆಗೆ ಬಂದರು. ರಕ್ತ ಕೊಟ್ಟವರು ಮನೆಗೆ ಹೋಗಲಿಲ್ಲ, ಲ್ಯಾಬಿಗೆ ಬಂದರು. “ಸ್ಲೈಡ್ ತೋರಸು” ಎಂದರು. ನಾನು ಡಾಕ್ಟರು ನೋಡಲಿ ಅಕ್ಕ ಎಂದೆ. “ತೋರಸವಾ.” ಸೂಕ್ಷ್ಮದರ್ಶಕದ ಮುಂದೆ ಕೂತು ತಮ್ಮದೇ ರಕ್ತವನ್ನು ತುಂಬ ಹೊತ್ತು ನೋಡಿದರು. ಕೆಂಪು ಕಣಗಳು ಅಂಕುಡೊಂಕಾಗಿದ್ದವು. ಪ್ಲೇಟ್‌ಲೆಟ್‌ಗಳು ಹುಡುಕಿದರೂ ಸಿಗುವಂತಿರಲಿಲ್ಲ. ಎಲುಬಿನ ಮಜ್ಜೆ ರಕ್ತ ಮಾಡುವುದನ್ನು ಬಿಡುತ್ತಿತ್ತು.

“ಕಾರ್ಖಾನಿ ಬಂದ್ ಆಗಾಕತ್ತೈತಿ” ಎಂದರು. ಆ ವರ್ಷ ನಮ್ಮ ಊರಿನಲ್ಲಿ ಎಷ್ಟೋ ಕಾರು ಕಾರ್ಖಾನೆಗಳಿಗೆ ಬೀಗ ಬಿದ್ದಿತ್ತು. “ಡೆಟ್ರಾಯಿಟ್‌ನ್ಯಾಗ ಇಷ್ಟ ವರ್ಷ ಇದ್ದು ನಂದೊಂದ ಹೆಂಗ ನಡದೀತು?”

ಅಲ್ಲಿಂದ ಅವರಿಗೂ ಚೀಲಗಳು ಹೋಗತೊಡಗಿದವು. ತಿಂಗಳಿಗೊಮ್ಮೆ ಎಂದಿದ್ದದ್ದು ವಾರಕ್ಕೊಮ್ಮೆ ಆಯಿತು, ಆಮೇಲೆ ದಿನ ಬಿಟ್ಟು ದಿನ. ಒಂದೊಂದನ್ನೂ ನಾನೇ ಪರೀಕ್ಷಿಸಿ ಕಳಿಸುತ್ತಿದ್ದೆ. ಅವರ ಗಂಡ ಅಂಗಡಿ ಮುಚ್ಚಿ ದಿನವಿಡೀ ಅವರ ಪಕ್ಕದಲ್ಲಿ ಕಿಟಕಿಯ ಕಡೆ ತಿರುಗಿ ಕೂತಿರುತ್ತಿದ್ದರು. ಒಂದು ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ ಅವರ ಪಾದ ಹಿಡಿದಿರುತ್ತಿದ್ದರು.

2009ರ ಶರತ್ಕಾಲದಲ್ಲಿ ಅಕ್ಕ ಇನ್ನು ಸಾಕೆಂದರು. ಗಂಡ ನನ್ನನ್ನು ಹುಡುಕಿಕೊಂಡು ಬಂದರು. ಅಂದು ಮೊದಲ ಬಾರಿಗೆ ರಕ್ತನಿಧಿಯ ಹೊಸ್ತಿಲ ತನಕ ಬಂದಿದ್ದರು. “ನಿನ್ನ ಮಾತು ಕೇಳತಾಳ. ಒಂದೀಟು ಹೇಳವಾ” ಎಂದರು. ನಾನು ಹೇಳಬೇಕೆಂದೇ ಅವರ ಮನೆಗೆ ಹೋದೆ.

ಅಕ್ಕ ದಿಂಬಿಗೆ ಒರಗಿ ಕೂತಿದ್ದರು. ತೋಳಿನ ತುಂಬ ನೀಲಿ ಕಲೆಗಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: “ಮೊನ್ನೆ ಕೊಟ್ಟ ಪ್ಲೇಟ್‌ಲೆಟ್ ಎಷ್ಟೊತ್ತು ನಿಂತ್ವು? ನೀನ ನೋಡಿದಿ, ಹೇಳು.”

“ಬೆಳಗಾಗೋಷ್ಟರಲ್ಲಿ ಇರಲಿಲ್ಲ ಅಕ್ಕ.”

“ಮತ್ತ?”

“ಮತ್ತೆ ಹೊಂದೋ ದಾನಿ ಹುಡುಕ್ತೀವಿ. ಆ ಹುಡುಗಿಗೆ ನೀವೇ ಹುಡುಕಿ ಕೊಟ್ಟಿಲ್ವಾ?”

“ಆ ಹುಡುಗಿಗೆ ಮುಂದ ದಾರಿ ಇತ್ತವಾ. ನನಗ ಆಸ್ಪತ್ರಿ ಕುರ್ಚಿ, ಆ ಸೂಜಿ, ಇಷ್ಟ ಉಳದೈತಿ. ಸಾಯೂ ಆಸೆ ನನಗೂ ಇಲ್ಲ. ಆದ್ರ ಉಳದ ದಿನಾ ಮನ್ಯಾಗ ಇರತೀನಿ. ಇವರ ಮಾರಿ ನೋಡಿ ಎಷ್ಟ ದಿನಾ ಆತು? ಅಲ್ಲೆ ಕುಂತ್ರ ಬರೇ ಬೆನ್ನ ಕಾಣತೈತಿ.”

ಅವರು ನನ್ನ ಕಣ್ಣೊರೆಸಿ, ತಮ್ಮ ಗಂಡನಿಗೆ ನಾನೇ ಹೇಳಬೇಕೆಂದರು. ಅಡುಗೆಮನೆಯಲ್ಲಿ ಹೇಳಿದೆ. ಅವರು ಕೇಳಿ, ತಲೆಯಾಡಿಸಿ, ಒಲೆಯ ಮೇಲಿದ್ದ ಹಾಲು ಉಕ್ಕುವುದನ್ನೇ ನೋಡುತ್ತ ನಿಂತರು. ನಾನು ಒಲೆ ಆರಿಸಿದೆ.

ಮರುದಿನ ಬೆಳಗ್ಗೆ ಡಾಕ್ಟರಿಂದ ಆದೇಶ ಬಂತು, ಅವರಿಗೆ ಇನ್ನು ರಕ್ತ ಬೇಡ ಎಂದು. ಅವರಿಗಾಗಿ ತೆಗೆದಿರಿಸಿದ್ದ ಕೆಂಪು ಕಣಗಳ ಒಂದು ಚೀಲ ಫ್ರಿಜ್ಜಿನಲ್ಲಿತ್ತು, ಅವರ ಹೆಸರಿನ ಚೀಟಿ ಕಟ್ಟಿಕೊಂಡು. ಅದನ್ನು ನಾನೇ ಬಿಚ್ಚಬೇಕಿತ್ತು. ಬಿಚ್ಚಿ, ಚೀಲವನ್ನು ಉಳಿದವುಗಳ ಸಾಲಿನಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಆ ಬಾಗಿಲಿಗೇ ಒರಗಿ ನಿಂತೆ.

ಮಧ್ಯಾಹ್ನ ಹೆರಿಗೆ ವಾರ್ಡಿನಿಂದ ಕರೆ ಬಂತು. ಒಬ್ಬ ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ನಾವು ಓಡಾಡಿದೆವು. ಪ್ಲಾಸ್ಮಾ ಕರಗಿಸಿದೆವು, ಪ್ಲೇಟ್‌ಲೆಟ್ ಕಳಿಸಿದೆವು, ಹೊಂದುವ ಕೆಂಪು ಚೀಲಗಳನ್ನೆಲ್ಲ ಕಳಿಸಿದೆವು. ಅದರಲ್ಲಿ ಬೆಳಗ್ಗೆ ನಾನು ಚೀಟಿ ಬಿಚ್ಚಿದ ಚೀಲವೂ ಇತ್ತು.

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅಕ್ಕನ ಮನೆಯ ಮುಂದೆ ಕಾರು ನಿಲ್ಲಿಸಿದೆ. ಅವರು ಹಿಂದಿನ ಅಂಗಳದಲ್ಲಿ ಶಾಲು ಹೊದ್ದು ಕೂತಿದ್ದರು. ಗಂಡ ಎದುರಿನ ಕುರ್ಚಿಯಲ್ಲಿ ಸೇಬು ಹೆಚ್ಚುತ್ತಿದ್ದರು.

“ನಿಮಗೆ ಅಂತ ಇಟ್ಟಿದ್ದು ಇವತ್ತು ಹೋಯ್ತು ಅಕ್ಕ” ಎಂದೆ. “ಹೆರಿಗೆ ವಾರ್ಡಿಗೆ.”

ಅವರು ನೆಟ್ಟಗೆ ಕೂತರು. “ತಾಯಿ?”

“ಹುಷಾರಾಗಿದಾಳೆ.”

“ಕೂಸು?”

“ವಾರ್ಡೆಲ್ಲ ಕೇಳೋ ಹಾಗೆ ಅಳ್ತಿದೆಯಂತೆ.”

ಅಕ್ಕ ಗಂಡನ ಕಡೆ ತಿರುಗಿದರು. “ಕೇಳಿದ್ರೇನ್ರಿ?”

ಅವರು ಚಾಕು ಕೆಳಗಿಟ್ಟು, “ಕೇಳಿದೆ” ಎಂದರು. ಸೇಬಿನ ಒಂದು ಹೋಳನ್ನು ಅಕ್ಕನ ಕೈಗೆ, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಬೆಳಕು ಆರುವವರೆಗೆ ನಾವು ಮೂವರೂ ಅಲ್ಲೇ ಕೂತು ತಿಂದೆವು.